ವೈನಿ ಮುರಿಯುತ್ತಿದ್ದ ರೊಟ್ಟಿ

ನಮ್ಮ ವೈನಿಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಆ ಸೀಳಿನೊಳಗೆ ಯಾವಾಗಲೂ ಜೋಳದ ರೊಟ್ಟಿಯ ಬಿಳಿ ಪುಡಿ ಕೂತಿರುತ್ತಿತ್ತು. ಎಷ್ಟು ತೊಳೆದರೂ ಅದು ಹೋಗುತ್ತಿರಲಿಲ್ಲ. ಹೋಗುವುದಾದರೂ ಹ್ಯಾಗೆ? ಮರುದಿನ ಬೆಳಗಾದರೆ ಮತ್ತೆ ರೊಟ್ಟಿ ಮುರಿಯುವವಳು ಆಕೆ. ತಿನ್ನಲಿಕ್ಕಲ್ಲ, ಮನೆಯ ಮೈ ಹ್ಯಾಗಿದೆ ಅಂತ ನೋಡಲಿಕ್ಕೆ.

ಮಲಗುವ ಮುಂಚೆ ಪ್ರತಿ ಕೋಣೆಯ ಗೋಡೆಗೂಡಿನಲ್ಲಿ ಒಂದೊಂದು ತುಂಡು ಖಡಕ್ ರೊಟ್ಟಿ ಇಡುವಳು. ಬೆಳಿಗ್ಗೆ ಎದ್ದವಳೇ ಅದನ್ನು ಕಿವಿಯ ಹತ್ತಿರ ಹಿಡಿದು ಮುರಿಯುವಳು. ಟಕ್ಕನೆ ಸಪ್ಪಳ ಬಂದರೆ ಆ ಕೋಣೆ ನೆಟ್ಟಗಿದೆ ಅಂತ ಲೆಕ್ಕ. ಬಾಗಿತೋ, ಅಲ್ಲಿ ಹಸಿ ಹಿಡಿದಿದೆ. ಆವತ್ತು ಒಳಗಿನ ಹಗ್ಗದ ಮೇಲಿನ ಒದ್ದೆ ಬಟ್ಟೆಯೆಲ್ಲ ಹೊರಗೆ ಹೋಗಬೇಕು, ಗೋಡೆಗೆ ಒತ್ತಿಕೊಂಡ ಟ್ರಂಕುಗಳು ಈಚೆ ಬರಬೇಕು, ಮಳೆ ನಿಂತು ಬಿಸಿಲು ಬಿದ್ದ ಕೂಡಲೇ ಎದುರುಬದುರು ಕಿಟಕಿ ತೆರೆಯಬೇಕು. ಬೇಸಿಗೆಯಲ್ಲಿ ಇದರ ಉಲ್ಟಾ. ರೊಟ್ಟಿ ಮುಟ್ಟಿದರೆ ಉದುರುತ್ತಿತ್ತು, ಮನೆಮಂದಿಯ ಮೂಗು ತುಟಿ ಒಡೆಯುತ್ತಿದ್ದವು. ಆಗ ಬಾಗಿಲಿಗೆ ನೆನೆಸಿದ ಗೋಣಿ ತೂಗುಬಿಡುವಳು.

"ವೈನಿ, ಇಲಿಗೋಳಿಗೆ ಬುತ್ತಿ ಕಟ್ಟಿ ಇಡಾಕತ್ತೀರೇನ್ರಿ?" ಎಂದು ನಾನು ಕಾಡುತ್ತಿದ್ದೆ.

"ತಿಂದ್ರ ತಿನ್ಲಿ ತಗೋ. ಇಲಿ ಕುಟು ಕುಟು ಅಂತ ತಿಂತಂದ್ರ ಮನಿ ಒಣಗೇತಿ ಅಂತ ತಿಳ್ಕೊಂಡು ಸುಮ್ನ ಮಕ್ಕೋ. ಸಪ್ಪಳಿಲ್ದ ತಿಂತಂದ್ರ ಎದ್ದು ಕಿಡಕಿ ತಗಿ."

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ರೋಣ ತಾಲೂಕಿನ ಜಕ್ಕಲಿಯ ಒಣಹವೆಯಲ್ಲಿ ಬೆಳೆದವಳು, ಮಲಪ್ರಭೆಯ ದಂಡೆಯ ಕೊಣ್ಣೂರಿನ ನಮ್ಮ ಮಣ್ಣಿನ ಮನೆಗೆ ಸೊಸೆಯಾಗಿ ಬಂದಳು. ಹೊಳೆ ಏರಿದ ವರ್ಷ ನೀರು ಹಿತ್ತಲಿಗೇ ಬರುತ್ತಿತ್ತು. ನೀರು ಇಳಿಯಲಿಕ್ಕೆ ನಾಲ್ಕು ದಿನ ಸಾಕು, ಗೋಡೆ ಆರಲಿಕ್ಕೆ ಬೇಸಿಗೆಯೇ ಬರಬೇಕು. ಸೊಂಟದೆತ್ತರ ಗೋಡೆ ಕಪ್ಪಗಾಗಿ, ಹಾಸಿಗೆಯೆಲ್ಲ ಮುಗ್ಗುಲು ವಾಸನೆ ಹೊಡೆಯುತ್ತಿತ್ತು. ವೈನಿ ತೇವವನ್ನು ಒರೆಸಿ ಒರೆಸಿ ಕೊನೆಗೆ ಹೊಸ್ತಿಲ ಮೇಲೆ ಕೂತು, "ಈ ಗ್ವಾಡಿ ಜೋಡಿ ಬಡದಾಡಿ ಸಾಕಾತು. ಇದು ಸಾಯೂದೂ ಇಲ್ಲ, ನನ್ನ ಬಾಳಾಕ ಬಿಡೂದೂ ಇಲ್ಲ" ಎನ್ನುವಳು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಅರಿವೆ ಹಿಂಡುವಳು.

ನನ್ನ ಕಸುಬು ಹಳೆಯ ಬಾಗಿಲು ಕಿಟಕಿ ಕೊಂಡು ಮಾರುವುದು. ಗಜೇಂದ್ರಗಡದಲ್ಲಿ ಒಂದು ಮನೆ ಕೆಡವುತ್ತಿದ್ದಾಗ ಯಾರಿಗೂ ಬೇಡವಾಗಿದ್ದ ಬಾಗಿಲೊಂದನ್ನು ಮಾತಿನಲ್ಲೇ ಗೆದ್ದು ತಂದಲ್ಲಿಂದ ಶುರುವಾಯಿತು. ಈಗ ನರಗುಂದದಲ್ಲಿ ನನ್ನದೇ ಅಡ್ಡೆ ಇದೆ. ಜನ ಸಾಗವಾನಿ ಕಿಟಕಿ ಕಿತ್ತು ನನಗೆ ಕೊಡುತ್ತಾರೆ, ಗಾಜು ಜಡಿದು ಮನೆಯನ್ನು ಡಬ್ಬಿಯ ಹಾಗೆ ಮುಚ್ಚಿಕೊಳ್ಳುತ್ತಾರೆ. ಮುಂದಿನ ಮಳೆಗಾಲಕ್ಕೆ ಬಂದು, "ಹೊಸಾ ಗ್ವಾಡಿ ಕರ್ರಗಾಗೇತ್ರಿ, ಯಾವ ಬಣ್ಣಾ ಹಚ್ಚೂಣು?" ಎಂದು ಕೇಳುತ್ತಾರೆ. ಬಣ್ಣ ಬೇಡ, ಗಾಳಿ ಹಚ್ಚಿರಿ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ನೀವಾದರೂ ಕೇಳಿರಿ. ಮನೆ ಕೊಳ್ಳುವಾಗ ಮಳೆಗಾಲದಲ್ಲಿ ಹೋಗಿರಿ, ಕಪಾಟಿನ ಹಿಂದೆ ಮೂಗಿಟ್ಟು ನೋಡಿರಿ. ಹಸಿ ಗೋಡೆಗೆ ಎಣ್ಣೆಬಣ್ಣ ಬಳಿದು ತೋರಿಸುವವನ ಹತ್ತಿರ ವ್ಯವಹಾರವೇ ಬೇಡ. ಇದೆಲ್ಲ ನನ್ನ ಬುದ್ಧಿ ಅಂತ ಗಿರಾಕಿಗಳು ತಿಳಿದಿದ್ದಾರೆ. ವೈನಿಯದು.

ನನ್ನ ಮಗಳು ಹುಟ್ಟಿದ್ದು ಅಂಥದೇ ಒಂದು ಮಳೆಗಾಲದಲ್ಲಿ. ಹೊಳೆ ಹಿತ್ತಲಿಗೆ ಬಂದು ಆಗಷ್ಟೇ ಇಳಿದಿತ್ತು. ನನ್ನ ಹೆಂಡತಿಗೆ ತಾಯಿಯಿಲ್ಲ, ಹಾಗಾಗಿ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಯಜಮಾನಿಕೆ ನಮ್ಮ ಅವ್ವನದು. ಬಾಣಂತಿಗೂ ಕೂಸಿಗೂ ಗಾಳಿ ತಾಗಬಾರದು ಎಂಬುದು ಅವ್ವನ ಕಾಯಿದೆ. ಹೊಳೆಯ ಕಡೆಗಿದ್ದ ಒಂದೇ ಒಂದು ಕಿಟಕಿಗೆ ಹಳೆಯ ಕೌದಿ ತುರುಕಿದಳು. ಒಳಗೇ ಕೆಂಡದ ಶೇಗಡಿ, ಅದರ ಮೇಲೆ ಅಜವಾನದ ಹೊಗೆ. ಮೂಲೆಯಲ್ಲೇ ಬಿಸಿನೀರಿನ ಎರೆತ. ಮೇಲೆ ಹಗ್ಗದ ತುಂಬ ಕೂಸಿನ ಒದ್ದೆ ಬಟ್ಟೆ. ಒಳಗೆ ಹೋದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಮುಖಕ್ಕೆ ಬಡಿಯುತ್ತಿತ್ತು. ಗೋಡೆಯಿಂದ ನೀರು ಇಳಿಯುತ್ತಿತ್ತು.

ಕೂಸಿನ ಎದೆಯಲ್ಲಿ ಗೊರಗೊರ ಶುರುವಾಯಿತು. ಹಾಲು ಕುಡಿಯುತ್ತಲೇ ದಣಿದು ಬಿಡುತ್ತಿತ್ತು. ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿತ್ತು. ನರಗುಂದದ ದವಾಖಾನೆಗೆ ಎತ್ತಿಕೊಂಡು ಓಡಿದೆವು. ಡಾಕ್ಟರು ಒಂದು ರಾತ್ರಿ ಇಟ್ಟುಕೊಂಡು ಔಷಧ ಕೊಟ್ಟು, ಮನೆಯೊಳಗೆ ಹೊಗೆ, ಹಸಿ ಎರಡೂ ಇರಬಾರದು, ಗಾಳಿಯಾಡಬೇಕು ಎಂದು ಹೇಳಿ ಕಳಿಸಿದರು. ಮನೆಗೆ ಬಂದು ನೋಡಿದರೆ ಅವ್ವ ಶೇಗಡಿಗೆ ಹೊಸ ಕೆಂಡ ಹಾಕಿ ಕಾಯುತ್ತಿದ್ದಳು.

"ಡಾಕ್ಟರು ಎಷ್ಟ ಬಾಣಂತನ ಮಾಡ್ಯಾನಂತ? ನಾ ಹಡದೀನಿ, ನನಗ ಗೊತ್ತು" ಎಂದಳು.

ವೈನಿ ಆ ಕೋಣೆಯ ಗೂಡಿನಿಂದ ರೊಟ್ಟಿಯ ತುಂಡು ತಂದು ಅವ್ವನ ಮುಂದೆ ಹಿಡಿದಳು. ಅದು ಹಳೆಯ ಚಪ್ಪಲಿಯ ತೊಗಲಿನಂತೆ ಬಾಗಿತು.

"ಅತ್ತಿ, ಕಿಡಕಿ ತಗೀತೀನ್ರಿ."

"ಏನ ಹುಚ್ಚ ಹಿಡದೈತಿ ನಿನಗ? ರೊಟ್ಟಿ ಹೇಳಿದ್ದ ಕೇಳಿ ಕೂಸಿಗೆ ಥಂಡಿ ಹಚ್ಚಾಕ? ಒಂದ ಕೂಸ ಕಳಕೊಂಡಾಕಿ ನೀ, ಇದನ್ನರ ಉಳಿಗೊಡು."

ಅಣ್ಣ ವೈನಿಯರ ಒಂದೇ ಕೂಸು ಅದೇ ಕೋಣೆಯಲ್ಲಿ, ಅದೇ ಮುಚ್ಚಿದ ಕಿಟಕಿಯ ಹಿಂದೆ, ನಾನಿನ್ನೂ ಸಾಲಿಗೆ ಹೋಗುತ್ತಿದ್ದ ಕಾಲದಲ್ಲಿ ತೀರಿಕೊಂಡಿತ್ತು. ಆಮೇಲೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಅವ್ವನೇ ಎತ್ತಿದಳು.

ಜಗಳ ಬಿಡಿಸುವುದೆಂದರೆ ನನಗೆ ರೇಟು ಕೂಡಿಸುವುದೇ. ಒಬ್ಬರು ಇಷ್ಟು ಬಿಡಬೇಕು, ಇನ್ನೊಬ್ಬರು ಇಷ್ಟು ಬಿಡಬೇಕು. "ಅವ್ವಾ, ವೈನಿ, ಇಬ್ಬರದೂ ಬ್ಯಾಡ. ಅರ್ಧಾ ಕಿಡಕಿ ತಗಿಯೂಣು, ಶೇಗಡಿ ಸಂಜಿಕ ಅಷ್ಟ ಇಡೂಣು" ಎಂದೆ.

ವೈನಿ ನನ್ನ ಕಡೆ ತಿರುಗಿದಳು. "ಇದು ಗಜೇಂದ್ರಗಡದ ಬಾಗಲಾ ಅಲ್ಲ ತಮ್ಮಾ. ಉಸಿರಿಗೆ ಚೌಕಾಸಿ ಮಾಡಬ್ಯಾಡ."

ಆಮೇಲೆ ಅವ್ವನಿಗೆ ದನಿ ತಗ್ಗಿಸಿ ಹೇಳಿದಳು: "ನನ್ನ ಕೂಸು ಯಾತಕ್ಕ ಹೋತೋ ನನಗೂ ಗೊತ್ತಿಲ್ರಿ ಅತ್ತಿ. ಕಿಡಕಿ ತಗದಿದ್ರ ಉಳೀತಿತ್ತು ಅಂತನೂ ನಾ ಅನ್ನಂಗಿಲ್ಲ. ಆವತ್ತ ನಾ ಬಾಯಿ ತಗೀಲಿಲ್ಲ, ಅಷ್ಟ. ಇವತ್ತ ತಗೀತೀನಿ. ಗಾಳಿ ಕೂಸಿಗೆ ಬಡೀತೈತಿ ಅನ್ನೂದ ನಿಮ್ಮ ಅಂಜಿಕಿ ಹೌದಿಲ್ರಿ? ಬಡೀದಂಗ ನಾ ಕುಂದ್ರತೀನಿ."

ಕೌದಿ ಎಳೆದು ಹಾಕಿದಳು. ಶೇಗಡಿಯನ್ನು ಅಂಗಳಕ್ಕೆ ಒಯ್ದಳು, ಎರೆತವನ್ನು ಬಚ್ಚಲಿಗೆ ಸಾಗಿಸಿದಳು, ಬಟ್ಟೆಯೆಲ್ಲ ಬಾಚಿ ಪಡಸಾಲೆಗೆ ಹಾಕಿದಳು, ತೊಟ್ಟಿಲನ್ನು ಗೋಡೆಯಿಂದ ದೂರ ಎಳೆದಳು. ಕೂಸಿಗೆ ಬೆಚ್ಚಗೆ ಕುಂಚಿಗೆ ಕಟ್ಟಿದಳು. ಕಡೆಗೆ ಕಿಟಕಿಯ ಕಟ್ಟೆಯ ಮೇಲೆ, ಹೊಳೆಗೆ ಬೆನ್ನು ಕೊಟ್ಟು ಕೂತಳು. ಗಾಳಿ ಆಕೆಯ ಬೆನ್ನಿಗೆ ಬಡಿದು, ಎರಡೂ ಮಗ್ಗುಲಿಂದ ಒಡೆದು ಒಳಗೆ ಬರುತ್ತಿತ್ತು. ತೊಟ್ಟಿಲಿನ ಮೇಲಿನ ಅರಿವೆ ಮಾತ್ರ ಮಿಸುಕುತ್ತಿರಲಿಲ್ಲ.

ಮಳೆ ಬಂದಾಗ ಮುಚ್ಚುವಳು, ನಿಂತ ಕೂಡಲೇ ತೆರೆದು ಕೂರುವಳು. ದಿನದಿನವೂ ಹೀಗೇ. ಜೋಳ ಹಸನು ಮಾಡುವುದು, ಕಾಯಿಪಲ್ಯ ಸೋಸುವುದು, ಎಲ್ಲ ಅಲ್ಲೇ. ಒಮ್ಮೊಮ್ಮೆ ಕೂತಲ್ಲೇ ತೂಕಡಿಸುವಳು. ಮಕ್ಕೋ ಹೋಗ್ರಿ ಎಂದರೆ, "ಗ್ವಾಡಿಗೆ ದಣಿವಿಲ್ಲ, ನನಗೆಲ್ಲಿದು" ಎಂದು ಕಣ್ಣು ಮುಚ್ಚಿಕೊಂಡೇ ಹೇಳುವಳು. ಅವ್ವ ಆಕೆಯ ಜೋಡಿ ಮಾತು ಬಿಟ್ಟಳು. ಹಿಟ್ಟು ಬೇಕಾದರೆ ಗೋಡೆಗೆ ಹೇಳುವಳು: "ಯಾರರ ಹಿಟ್ಟಿನ ಡಬ್ಬಿ ಕೊಡ್ತಾರೇನು ನೋಡು."

ಡಾಕ್ಟರ ಔಷಧ ಹತ್ತಿತೋ, ಗಾಳಿ ಹತ್ತಿತೋ, ಕೂಸಿನ ಎದೆ ಮೆಲ್ಲಗೆ ತಿಳಿಯಾಯಿತು. ಒಂದು ಮಧ್ಯಾಹ್ನ ಅದು ಹೊಟ್ಟೆ ತುಂಬ ಹಾಲು ಕುಡಿದು, ಸಪ್ಪಳವಿಲ್ಲದೆ ಮಲಗಿತು. ಅವ್ವ ಬಾಗಿಲಲ್ಲಿ ನಿಂತು ಬಹಳ ಹೊತ್ತು ಕಿವಿಗೊಟ್ಟಳು. ಆಮೇಲೆ ಕಿಟಕಿಯಿಂದ ಎಳೆದು ಹಾಕಿದ್ದ ಆ ಕೌದಿಯನ್ನೇ ತಂದು ವೈನಿಯ ತೊಡೆಯ ಮೇಲೆ ಒಗೆದಳು. "ಬೆನ್ನಿಗೆ ಹಾಕ್ಕೋ. ನೀ ಮಲಗಿದ್ರ ರೊಟ್ಟಿ ಯಾರ ಬಡೀತಾರ?" ಅಷ್ಟಕ್ಕೇ ಇಬ್ಬರ ಜಗಳ ತೀರಿತು.

ಮುಂದೆ ಅವ್ವ ತೀರಿಹೋದಳು. ಅಣ್ಣನೂ ಹೋದ ಮೇಲೆ ಕೊಣ್ಣೂರಿನ ಮನೆ ಇಳಿಸಿ ನಾವೆಲ್ಲ ನರಗುಂದಕ್ಕೆ ಬಂದೆವು. ಆ ಮನೆಯ ಬಾಗಿಲು, ತೊಲೆ ಎಲ್ಲ ಮಾರಿದೆ, ವ್ಯಾಪಾರ ವ್ಯಾಪಾರವೇ. ಹೊಳೆಕಡೆಯ ಕಿಟಕಿಯನ್ನು ಮಾತ್ರ ಮಾರಲಿಲ್ಲ. ಅದನ್ನು ಹೊಸ ಮನೆಯಲ್ಲಿ ವೈನಿಯ ಕೋಣೆಗೆ ಕೂರಿಸಿದೆ. ಇಲ್ಲಿಯೂ ಕಾಲುವೆ ನೀರು ಬಂದ ಮೇಲೆ ನೆಲವೆಲ್ಲ ತೇವ. ವೈನಿ ಇಲ್ಲಿಯೂ ರೊಟ್ಟಿ ಮುರಿದಳು, ಕೈಲಾಗುವವರೆಗೆ.

ಹೋದ ವರ್ಷದ ಶ್ರಾವಣದಲ್ಲಿ ಹಾಸಿಗೆ ಹಿಡಿದಳು. ಬೆನ್ನು ಮೊದಲೇ ಸೋತಿತ್ತು, ಈಗ ಉಸಿರೂ ಸೋತಿತು. ಜಿಟಿಜಿಟಿ ಮಳೆ ನಿಂತ ಒಂದು ಬೆಳಿಗ್ಗೆ ನನ್ನನ್ನು ಕರೆದು, "ತಮ್ಮಾ, ಗೂಡಿನ್ಯಾಗ ರೊಟ್ಟಿ ಐತಿ, ಮುರಿ" ಎಂದಳು. ಆಕೆಯ ಕಿವಿಯ ಹತ್ತಿರ ಹಿಡಿದು ಮುರಿದೆ. ಬಾಗಿತು.

"ಸಪ್ಪಳ ಬಂತೇನು?"

"ಬಂತ್ರಿ ವೈನಿ. ಚಲೋ ಬಂತು."

ಕಣ್ಣು ತೆರೆಯದೆ ತುಟಿಯಲ್ಲೇ ನಕ್ಕಳು. "ವ್ಯಾಪಾರಸ್ಥ. ನನಗೂ ಹಳೇ ಮಾಲ ಮಾರತೀಯೇನು? ಕಿಡಕಿ ತಗಿ."

ತೆಗೆದೆ. ಒಳಗೆ ನುಗ್ಗಿದ ಗಾಳಿಗೆ ಆಕೆಯ ಹೊದಿಕೆ ಹಾರಿತು, ಆಕೆ ಮುದುಡಿದಳು. ಮುಚ್ಚಲೋ ಬೇಡವೋ ಎಂದು ನಾನು ನಿಂತಲ್ಲೇ ನಿಂತಿದ್ದೆ. ಅಷ್ಟರಲ್ಲಿ ದೊಡ್ಡಮ್ಮನ ಕಾಲೊತ್ತುತ್ತಿದ್ದ ನನ್ನ ಮಗಳು ನನ್ನನ್ನು ಪಕ್ಕಕ್ಕೆ ಸರಿಸಿದಳು. ಕಿಟಕಿಯ ಕಟ್ಟೆ ಹತ್ತಿ ಗಾಳಿಗೆ ಬೆನ್ನು ಕೊಟ್ಟು ಕೂತಳು.

ಹೊದಿಕೆ ಮಿಸುಕುವುದು ನಿಂತಿತು. ವೈನಿಯ ಎದೆ ಇನ್ನೂ ಏರಿ ಇಳಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದೂ ನಿಂತಿತು. ನಾವು ಹೇಳಿದ ಮೇಲೂ ನನ್ನ ಮಗಳು ಬಹಳ ಹೊತ್ತು ಆ ಕಟ್ಟೆಯಿಂದ ಇಳಿಯಲಿಲ್ಲ.