ಮುಷ್ಟಿ ಬಿಚ್ಚಿದ ಕೈಗೆ ಹಸಿರು ಬಳೆ

ಬೆಳಕು ಹರಿಯುವ ಹೊತ್ತು. ಆಳಂದದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಲಸುಮಬಿ ಬಳೆಬುಟ್ಟಿ ಬಿಚ್ಚಿ ಕೂತಿದ್ದಾರೆ. ಒಂದೊಂದೇ ಬಳೆಯನ್ನು ಉಗುರಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಾರೆ. ಬಿರುಕು ಬಿಟ್ಟದ್ದನ್ನು ಪಕ್ಕಕ್ಕಿಡುತ್ತಾರೆ. "ಒಡೆದಿದೆಯಾ?" ಎಂದು ಕೇಳಿ ನಾನು ಬೈಸಿಕೊಳ್ಳುತ್ತೇನೆ.

"ಹಂಗ ಅನಬಾರ್ದ್ರಿ. ಬಳಿ ಹೆಚ್ಚಾತು ಅನಬೇಕು."

ಬಳೆ ಒಡೆದರೂ 'ಹೆಚ್ಚಾಯಿತು' ಎನ್ನುವುದೇ ಈ ಕಡೆಯ ರೂಢಿ. ಮುತ್ತೈದೆಯ ಕೈ ವಿಚಾರದಲ್ಲಿ ಕೆಟ್ಟ ಮಾತು ಬಾಯಿಗೆ ಬರಬಾರದು.

ಕುಲಸುಮಬಿಯ ಗಂಡ ತೀರಿದ ಮೇಲೆ ಈ ಬುಟ್ಟಿಯೇ ಮಕ್ಕಳನ್ನು ಬೆಳೆಸಿದೆ. ಮದುಮಗಳಿಗೆ ಬಳೆ ಇಡಲು ಹಿಂದೂಗಳೂ ಕರೆಯುತ್ತಾರೆ, ಮುಸಲ್ಮಾನರೂ ಕರೆಯುತ್ತಾರೆ. ದೊಡ್ಡ ಮನೆಯಲ್ಲಿ ಜಮಖಾನೆ ಹಾಸುತ್ತಾರೆ, ಬಡವರಲ್ಲಿ ಗೋಣಿಚೀಲ. "ಕೈ ಹಿಡದ ಮ್ಯಾಲ ಎಲ್ಲಾ ಒಂದರಿ. ಮನಸಿದ್ರ ಕೈ ಮೆತ್ತಗ ಆಗ್ತದ, ಇಲ್ಲಂದ್ರ ಕಟಗಿ."

ಭೂಸನೂರಿನ ಶ್ರೀಮಂತ ಕಬ್ಬು ಬೆಳೆಗಾರರೊಬ್ಬರ ಮನೆಯಲ್ಲಿ ಕಳೆದ ವರ್ಷ ಆದದ್ದೂ ಅದೇ. ಮದುಮಗಳು ಸೀಮಾಳ ಕೈಯಲ್ಲಿ ಬಳೆಗಳು ಮೇಲಿಂದ ಮೇಲೆ 'ಹೆಚ್ಚಾದವು'. ಅಂಗಳದ ಹೆಂಗಸರು ನಕ್ಕರು. ಹುಡುಗಿ ಮುಷ್ಟಿ ಬಿಗಿದಿದ್ದು ಕಂಡದ್ದು ಕುಲಸುಮಬಿಗೆ ಮಾತ್ರ. "ಮನಸನ್ಯಾಗ ಯಾರದಾರ ಮಗಳ?" ಎಂದು ಕಿವಿಯಲ್ಲಿ ಕೇಳಿದರು. ಅಮೃತ ಎಂದಳು. ಅದೇ ಮನೆಯ ಟ್ರ್ಯಾಕ್ಟರ್ ಓಡಿಸುವವನು. ಕುಲಸುಮಬಿ ಬುಟ್ಟಿ ಕಟ್ಟಿ ಎದ್ದು, ತಾಯಿ ಗುರಮ್ಮನಿಗೆ ಎಲ್ಲರೆದುರೇ ಹೇಳಿಬಿಟ್ಟರು: "ಈ ಕೈಗೆ ನಾ ಬಳಿ ಇಡಂಗಿಲ್ರಿ ಅವ್ವಾರ. ಆಕಿಗೆ ಮನಸಿಲ್ಲ."

ಮದುವೆಯೂ 'ಹೆಚ್ಚಾಯಿತು' ಎಂದು ಊರು ಆಡಿಕೊಂಡಿತು. ಸೀಮಾ ಅಮೃತನ ಜೊತೆ ಗೊಬ್ಬೂರಿಗೆ ಹೋದಳು. ಅಂದಿನಿಂದ ಕುಲಸುಮಬಿಗೆ ದೊಡ್ಡ ಮನೆಗಳ ಕರೆ ಇಲ್ಲ. ಎಷ್ಟೋ ದಿನ ಬುಟ್ಟಿ ಹೋದಂತೆಯೇ ಮರಳುತ್ತದೆ. ನನಗೆ ಸಿಟ್ಟು ಬರುತ್ತದೆ, ಅವರಿಗಿಲ್ಲ.

ಅವರ ಸಿಟ್ಟೇನಿದ್ದರೂ ಅಮೆರಿಕದ ಮೇಲೆ. ಕಾಲೇಜು ಓದುವ ಮೊಮ್ಮಗಳು ಜಸ್ಮೀನ ತನ್ನ ಪಾಠದ ಅಮೆರಿಕನ್ ಕಾದಂಬರಿಯ ಕಥೆ ಹೇಳಿದ್ದಾಳೆ: ಬಡ ಹುಡುಗ, ಸಿರಿವಂತರ ಹುಡುಗಿ, ಅವನು ಗಳಿಸಿ ಬರುವಷ್ಟರಲ್ಲಿ ಆಕೆ ಬೇರೊಬ್ಬ ಸಾಹುಕಾರನ ಹೆಂಡತಿ. "ಅಷ್ಟು ದೊಡ್ಡ ದೇಶದಾಗ ಆ ಹುಡಿಗಿ ಕೈ ಹಿಡದು ಕೇಳೋರು ಯಾರೂ ಇರ್ಲಿಲ್ಲೇನ್ರಿ?"

ಇಂದಿನ ಬಸ್ಸು ಅಫಜಲಪುರದ ಕಡೆಗೆ. ಬಸುರಿ ಸೀಮಾಳಿಗೆ ಗೊಬ್ಬೂರಿನಲ್ಲಿ ಕುಪ್ಪಸದ ಕಾರ್ಯ, ಅಂದರೆ ಸೀಮಂತ; ಹಸಿರು ಬಳೆ ಇಡಬೇಕು. ನಾನೂ ಜೊತೆಗೆ ಹೋಗುತ್ತೇನೆ. ತವರಿನಿಂದ ಯಾರೂ ಬಂದಿಲ್ಲ. ಸೀಮಾ ಗೋಣಿಚೀಲದ ಮೇಲೆ ಕೂತು ಎರಡೂ ಕೈ ಚಾಚುತ್ತಾಳೆ. ಹೋದ ವರ್ಷದ ಅಳತೆ ಹಿಡಿಸುವುದಿಲ್ಲ. ಕೂಲಿ ಮಾಡಿ ಕೈ ದಪ್ಪಗಾಗಿದೆ. ಕುಲಸುಮಬಿ ದೊಡ್ಡ ಬಳೆ ಹುಡುಕಿ, ಬೆರಳು ನೀವಿ ಒಂದೊಂದಾಗಿ ಏರಿಸುತ್ತಾರೆ.

ಹೊರಡುವಾಗ, ನಿಮಗೇನು ಬೇಕು ಎಂದು ಕುಲಸುಮಬಿಯನ್ನು ಕೇಳುತ್ತೇನೆ.

"ಗುರಮ್ಮವ್ವಾರು ಒಮ್ಮಿ ಬಂದು ಮಗಳ ಈ ಕೈ ಹಿಡದು ನೋಡ್ಲಿ, ಅಷ್ಟ ಸಾಕ್ರಿ. ಕೈ ಬಿರಸಾಗ್ಯಾವ, ಖರೆ. ಆದ್ರ ಮುಷ್ಟಿ ಬಿಚ್ಚ್ಯಾವ. ಇವತ್ತ ಒಂದ ಬಳೀನೂ ಹೆಚ್ಚಾಗ್ಲಿಲ್ಲ ನೋಡ್ರಿ."