ಡ್ರೈವರ್ ಮಾಮನ ಸಮುದ್ರ

ಅವರ ಬಲಗೈಗೆ ಒಂದು ಬಣ್ಣ, ಎಡಗೈಗೆ ಇನ್ನೊಂದು. ಇಪ್ಪತ್ತೆಂಟು ವರ್ಷ ಲಾರಿಯ ಕಿಟಕಿಯ ಮೇಲೆ ಊರಿಕೊಂಡಿದ್ದ ಬಲಗೈ ಬಿಸಿಲಿಗೆ ಸುಟ್ಟು ಕರ್ರಗಾಗಿತ್ತು, ನೆರಳಿನಲ್ಲಿದ್ದ ಎಡಗೈ ಗೋಧಿ ಬಣ್ಣದ್ದು. ನಾನು ಬಾಡಿಗೆಗೆ ಕೋಣೆ ಕೇಳಲು ಹೋದ ದಿನ ಅವರು ಕೈ ಮುಗಿದಾಗ ಬೇರೆಯವರ ಒಂದು ಕೈಯನ್ನು ಎರವಲು ತಂದುಕೊಂಡಂತೆ ಕಂಡಿತು. ನನಗೆ ನಗು ಬಂತು. ಅವರೂ ನಕ್ಕರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕಂಪ್ಲಿಯವಳು, ಹೊಸಪೇಟೆಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದಿದ್ದೆ. ಕಾಲುವೆ ನೀರಿನಿಂದ ಊರು ಮೈಕೈ ತುಂಬಿಕೊಳ್ಳುತ್ತಿದ್ದ ಕಾಲ. ಓಣಿಯಲ್ಲಿ ಕಬ್ಬಿನ ಗಾಡಿಗಳ ಗದ್ದಲ, ಬಾಳೆ ಬೆಳೆದವರ ಹೊಸ ತಾರಸಿ ಮನೆಗಳು. ನಮ್ಮ ಮಾಲಕರದು ಮಾತ್ರ ಹಳೇ ಮಣ್ಣಿನ ಮಾಳಿಗೆ ಮನೆ. ಓಣಿಯೆಲ್ಲ ಅವರನ್ನು ಡ್ರೈವರ್ ಮಾಮ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಅವರ ಹೆಂಡತಿ ನನಗೆ ಅತ್ತಿ.

ಸಂಡೂರಿನ ಗಣಿಯಿಂದ ಅದಿರು ತುಂಬಿಕೊಂಡು ಕಾರವಾರದ ಕಡೆಯ ಬಂದರಿಗೆ ಲಾರಿ ಹೊಡೆಯುವುದು ಅವರ ಕೆಲಸವಾಗಿತ್ತು. ಕಣ್ಣು ಮಂಜಾದ ಮೇಲೆ ಸ್ಟೇರಿಂಗ್ ಬಿಟ್ಟಿದ್ದರು. ಅಷ್ಟು ವರ್ಷ ವಾರಕ್ಕೊಮ್ಮೆ ಸಮುದ್ರ ನೋಡಿದವರು ಹೆಂಡತಿಗೆ ಅದನ್ನು ಒಮ್ಮೆಯೂ ತೋರಿಸಿರಲಿಲ್ಲ. ಮುಂದಿನ ಟ್ರಿಪ್ಪಿಗೆ ಕರಕೊಂಡು ಹೋಗ್ತೀನಿ ಅನ್ನುವುದರಲ್ಲೇ ಆಯುಷ್ಯ ಕಳೆದು, ಅತ್ತಿಯ ಮೊಣಕಾಲು ಹಿಡಿದುಕೊಂಡವು. ಅವರಿಗೆ ಬಸ್ಸು ಹತ್ತುವುದೇ ಆಗದ ಮೇಲೆ ಮಾಮ ಸಮುದ್ರವನ್ನೇ ಮನೆಗೆ ತರಿಸಿದರು.

ಪಡಸಾಲೆಯಲ್ಲಿ ಒಂದು ಗಾಜಿನ ತೊಟ್ಟಿ. ಬಂದರಿನಿಂದ ಖಾಲಿ ಬರುವ ಲಾರಿಗಳಲ್ಲಿ ಹಳೇ ಗೆಳೆಯರು ಕ್ಯಾನುಗಟ್ಟಲೆ ಸಮುದ್ರದ ನೀರು, ಮರಳು, ಕಲ್ಲು ತಂದುಕೊಟ್ಟಿದ್ದರು. ಬಂಡೆಯ ಸಂದಿಯ ನೀರಲ್ಲಿ ಹಿಡಿದ ಏಳು ಪುಟ್ಟ ಮೀನು, ಶಂಖದೊಳಗೆ ಮನೆ ಮಾಡಿಕೊಂಡ ಒಂದು ಏಡಿ. ನೀರಿಗೆ ಗಾಳಿ ಊದಲು ಒಂದು ಚಿಕ್ಕ ಕರೆಂಟಿನ ಪಂಪು. ಕರೆಂಟು ಹೋದರೆ? ಅದಕ್ಕೂ ಮಾಮನ ಹತ್ತಿರ ದಾರಿ ಇತ್ತು. ಪಂಕ್ಚರ್ ಅಂಗಡಿಯಲ್ಲಿ ಲಾರಿಯ ಟ್ಯೂಬಿಗೆ ಗಾಳಿ ತುಂಬಿಸಿ ತಂದು, ಬಾಯಿಗೆ ಸಣ್ಣ ನಳಿಗೆ ಸಿಕ್ಕಿಸಿ, ಗುಳ್ಳೆಗುಳ್ಳೆಯಾಗಿ ತೊಟ್ಟಿಗೆ ಬಿಡುತ್ತಿದ್ದರು. ಒಂದು ಟ್ಯೂಬು ಅರ್ಧ ದಿನ ಬರುತ್ತಿತ್ತು. ನೋಡಲು ಬಂದವರಿಗೆ ಮೀನಿಗಿಂತ ಆ ಟ್ಯೂಬನ್ನೇ ಹೆಚ್ಚು ಹೆಮ್ಮೆಯಿಂದ ತೋರಿಸುತ್ತಿದ್ದರು.

ಅತ್ತಿ ತೊಟ್ಟಿಯ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದರು. ಮೀನಿನ ಆಹಾರದ ಒಣ ಸಿಗಡಿಯನ್ನು ಮಾತ್ರ ಒಳಗೆ ತರಗೊಡುತ್ತಿರಲಿಲ್ಲ, ಅದಕ್ಕೆ ಕಾಂಪೌಂಡಿನ ಮೇಲೆ ಬೇರೆ ಡಬ್ಬಿ. ಆದರೆ ಒಂದು ಮೀನು ಕಾಣದಿದ್ದರೆ ಮೊದಲು ಗಾಬರಿಯಾಗುವವರು ಅವರೇ. "ಇಷ್ಟ ಐತೇನು ಸಮುದ್ರ?" ಎಂದು ಗಂಡನನ್ನು ಕಾಡುತ್ತಿದ್ದರು. "ಇದು ಸ್ಯಾಂಪಲ್ಲು" ಎಂದು ಮಾಮ ಅಷ್ಟೇ ಗಂಭೀರವಾಗಿ ಹೇಳುತ್ತಿದ್ದರು.

ಬೇಸಿಗೆ ಬಂತು. ನಮ್ಮ ಕಡೆಯ ಬಿಸಿಲಿಗೆ ತೊಟ್ಟಿಯ ನೀರು ದಿನಕ್ಕೆ ಬೆರಳಷ್ಟು ಇಳಿಯತೊಡಗಿತು. ಮಾಮ ಅದಕ್ಕೆ ಮತ್ತೆ ಸಮುದ್ರದ ನೀರನ್ನೇ ಸುರಿಯುತ್ತಿದ್ದರು. ನಾನು ತಡೆದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ, ನೀವು ಉಪ್ಪಿನ ಮೇಲೆ ಉಪ್ಪು ಸೇರಿಸುತ್ತಿದ್ದೀರಿ, ಸಿಹಿನೀರು ಹಾಕಿ ಎಂದೆ. ಅವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಆ ಕ್ಷಣ ನನಗೆ ನನ್ನ ಬಗ್ಗೆಯೇ ಗೌರವ ಬಂತು.

"ನಳದ ನೀರು ಬ್ಲೀಚಿಂಗ್ ವಾಸನಿ ಹೊಡೀತೈತಲ್ರಿ ಟೀಚರಮ್ಮ?"

"ರಾತ್ರಿ ತಾಮ್ರದ ಹಂಡೇದಾಗ ತುಂಬಿಡ್ರಿ ಮಾಮ. ವಾಸನೀನೂ ಹೋಗತೈತಿ, ಕ್ರಿಮಿನೂ ಸಾಯ್ತಾವ" ಎಂದೆ.

ನಮ್ಮ ಸೀಮೆಯಲ್ಲಿ ಕುಡಿಯುವ ನೀರಿಗೆ ತಾಮ್ರದ ಹಂಡೆಗಿಂತ ದೊಡ್ಡ ಮರ್ಯಾದೆ ಇಲ್ಲ. ಶಾಲೆಯಲ್ಲೂ ಅದನ್ನೇ ಹೇಳುತ್ತಿದ್ದೆ. ಅತ್ತಿ ಅಂದೇ ತಮ್ಮ ತವರಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿ, ಮೀನುಗಳಿಗೆಂದೇ ಎತ್ತಿಟ್ಟರು. ಬೆಳಿಗ್ಗೆ ಎದ್ದು ಅದರ ನೀರನ್ನು ತೊಟ್ಟಿಗೆ ಹಾಕುವುದು ಮಾಮನ ಮೊದಲ ಕೆಲಸವಾಯಿತು.

ಮೂರು ವಾರದೊಳಗೆ ಏಡಿ ಸತ್ತಿತು. ಮತ್ತೆ ಹತ್ತು ದಿನಕ್ಕೆ ಒಂದು ಮೀನು. ಮೈಮೇಲೆ ಗಾಯವಿಲ್ಲ, ಕಲೆಯಿಲ್ಲ. ಮಾಮ ಅದನ್ನು ಅಂಗೈಯಲ್ಲಿ ಮಲಗಿಸಿಕೊಂಡು, ಭೂತಗನ್ನಡಿ ಹಿಡಿದು, ತಮ್ಮ ಮಂಜುಗಣ್ಣಿನಿಂದ ನೋಡೇ ನೋಡಿದರು. "ಗಾಡಿ ನಿಂತೈತಿ ಅಂದ್ರ ಕಾರಣ ಇರಲೇಬೇಕು" ಎನ್ನುವುದು ಅವರ ಜೀವಮಾನದ ಮಾತು. ಘಟ್ಟದ ನಡುವೆ ಲಾರಿ ಕೆಟ್ಟಾಗ ಕಾರಣ ಸಿಗುವವರೆಗೆ ಊಟ ಮಾಡುತ್ತಿರಲಿಲ್ಲವಂತೆ. ಕಲ್ಲು ತೆಗೆದು ತಿಕ್ಕಿದರು. ಮರಳು ಬದಲಿಸಿದರು. ಪಂಪು ಬಿಚ್ಚಿ ಜೋಡಿಸಿದರು. ಮೂರನೆಯದು ಸತ್ತ ದಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತವರು ಎದುರಿಗಿದ್ದ ದೇವರ ಗೂಡು ನೋಡಿದರು.

"ಟೀಚರಮ್ಮ, ಊದಿನಕಡ್ಡಿ ಹೊಗಿ ಪಂಪಿನಾಗ ಎಳಕೊಂಡು ನೀರಿಗೆ ಇಳೀತೈತೇನ್ರಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಇರಬಹುದು" ಎಂದೆ.

ಅಂದಿನಿಂದ ಆ ಮನೆಯಲ್ಲಿ ದೇವರಿಗೆ ಊದಿನಕಡ್ಡಿ ನಿಂತಿತು. ನಾಲ್ಕನೆಯ ಮೀನು ಸತ್ತ ಮೇಲೆ ಒಗ್ಗರಣೆಯ ಹೊಗೆಯ ಮೇಲೂ ಅನುಮಾನ ಬಂತು. ಅತ್ತಿ ಒಲೆಯನ್ನು ಹಿತ್ತಲಿನ ತಗಡಿನ ಕೆಳಗೆ ಸಾಗಿಸಿದರು. ಮೇ ತಿಂಗಳ ತಗಡು. ಆ ಬೆಂಕಿಯಲ್ಲಿ, ಆ ಮೊಣಕಾಲಲ್ಲಿ, ಅವರು ರೊಟ್ಟಿ ಬಡಿಯುವುದನ್ನು ನೋಡಿ ನಾನು ಏನೋ ಸಮಾಧಾನ ಹೇಳಲು ಹೋದೆ. "ಮೀನು ಉಳೀಲಿ ಬಿಡವ್ವ. ದೇವರು ಹೊಗಿ ಇಲ್ದನೂ ಇರ್ತಾನ" ಎಂದರು. ಮಾಮ ಬೈಯುವ ಮನುಷ್ಯರಲ್ಲ. ಆದರೆ ಇನ್ನೊಂದು ಮೀನು ಸತ್ತಾಗ ಹೆಂಡತಿಯ ಕಡೆ ಒಮ್ಮೆ ನೋಡಿದರು. ಅತ್ತಿ ಸೆರಗಿನಿಂದ ಕೈ ಒರೆಸಿಕೊಂಡು, "ಇವತ್ತು ಏನೂ ಹಚ್ಚಿಲ್ಲರಿ ನಾನು" ಎಂದರು. ತಪ್ಪು ಮಾಡಿದ ಮಕ್ಕಳು ಕ್ಲಾಸಿನಲ್ಲಿ ಹೇಳುವ ಧ್ವನಿ ಅದು. ಮಳೆಗಾಲದ ಹೊತ್ತಿಗೆ ಏಳೂ ಮೀನು ಮುಗಿದವು. ಮಾಮ ಮತ್ತೆ ಮೀನು ತರಿಸಲಿಲ್ಲ. ಸೋತ ಮನುಷ್ಯನ ಹಾಗೆ ನೀರನ್ನು ಚೆಲ್ಲಿ, ಗಾಜು ಒರೆಸಿ, ತೊಟ್ಟಿಯನ್ನು ಅಟ್ಟಕ್ಕೆ ಏರಿಸಿದರು.

ಮರುವರ್ಷ ನನಗೆ ಸಂಡೂರಿಗೆ ವರ್ಗವಾಯಿತು. ಅಲ್ಲಿಂದ ಶಿಕ್ಷಕರ ತರಬೇತಿಗೆಂದು ಕಾರವಾರಕ್ಕೆ ಕಳಿಸಿದರು. ಒಂದು ದಿನ ಸಮುದ್ರದ ಜೀವಿಗಳನ್ನು ಸಾಕಿದ್ದ ಕೋಣೆಯೊಂದನ್ನು ತೋರಿಸಿದರು. ಅಲ್ಲಿ ಬಕೆಟ್ಟು, ಮಗ್ಗು ಎಲ್ಲ ಪ್ಲಾಸ್ಟಿಕ್ಕಿನವು. ಯಾಕೆಂದು ನೋಡಿಕೊಳ್ಳುವವನನ್ನು ಕೇಳಿದೆ. "ತಾಮ್ರ, ಹಿತ್ತಾಳೆ ಸೋಕಿಸೂಕಾಗುದಿಲ್ಲ ಟೀಚರೇ. ಚೂರು ತಾಮ್ರ ನೀರಿಗೆ ಬಿಟ್ಟರೂ ವಿಷ. ಮೊದಲು ಏಡಿ, ಶಂಖದ ಹುಳ ಸಾಯ್ತದೆ, ಆಮೇಲೆ ಮೀನು" ಎಂದ.

ಉಪ್ಪು ಹಾರಿಹೋಗುವುದಿಲ್ಲ ಎಂದು ಜಂಭದಿಂದ ಪಾಠ ಹೇಳಿದವಳಿಗೆ ತಾಮ್ರವೂ ಹಾರಿಹೋಗುವುದಿಲ್ಲ ಎಂದು ಹೊಳೆದಿರಲಿಲ್ಲ. ದಿನಾ ಒಂದಿಷ್ಟು, ದಿನಾ ಒಂದಿಷ್ಟು, ಆ ಪುಟ್ಟ ತೊಟ್ಟಿಯಲ್ಲಿ ಸೇರುತ್ತಲೇ ಹೋಗಿತ್ತು. ಹೊಗೆಯ ತಪ್ಪೇನೂ ಇರಲಿಲ್ಲ.

ಸಂಡೂರಿನಿಂದ ಹೊಸಪೇಟೆಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ನಾನು ಒಂದು ವರ್ಷ ತೆಗೆದುಕೊಂಡೆ. ಪರೀಕ್ಷೆ ಮುಗಿಯಲಿ, ಹಬ್ಬ ಕಳೆಯಲಿ, ಕೆಮ್ಮು ಕಡಿಮೆಯಾಗಲಿ. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಟೀಚರಮ್ಮ ಅನ್ನಿಸಿಕೊಳ್ಳುತ್ತಿದ್ದೆನಲ್ಲ, ಅದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ.

ಕೊನೆಗೆ ಹೋದಾಗ ಬಾಗಿಲು ತೆರೆದವರು ಮಾಮ. ಮುಖ ಬತ್ತಿಹೋಗಿತ್ತು. ಅತ್ತಿ ಜ್ವರ ಬಂದು ತೀರಿಕೊಂಡು ಎರಡು ತಿಂಗಳಾಗಿತ್ತು. ಸುದ್ದಿ ಕಳಿಸಲು ಅವರ ಹತ್ತಿರ ನನ್ನ ಹೊಸ ವಿಳಾಸವೂ ಇರಲಿಲ್ಲ, ನಾನು ಕೊಟ್ಟಿದ್ದರೆ ತಾನೆ. ಅಲ್ಲೇ ಹೊಸ್ತಿಲಲ್ಲಿ ನಿಂತು ಅಳುತ್ತಲೇ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಬಹಳ ದಣಿದವರ ಧ್ವನಿಯಲ್ಲಿ, "ನನ್ನ ಮುಂದ ಹೇಳಿ ಏನ್ ಮಾಡ್ತೀರಿ ಟೀಚರಮ್ಮ, ಅಕಿಗೆ ಹೇಳ್ರಿ" ಎಂದು ಒಳಗೆ ಕರೆದೊಯ್ದರು. ಗೋಡೆಯ ಮೇಲೆ ಅತ್ತಿಯ ಫೋಟೋ, ಒಣಗಿದ ಮಲ್ಲಿಗೆ ಹಾರ.

"ಮೊದಲಿಂದ ಹೇಳ್ರಿ. ಅಕಿ ಸಾಲಿ ಕಲಿತಾಕಿ ಅಲ್ಲ, ತಿಳಿಯೋ ಹಂಗ ಹೇಳ್ರಿ."

ಹೇಳಿದೆ. ನೀರು ಹಾರುವುದು, ಉಪ್ಪು ಉಳಿಯುವುದು, ಹಂಡೆಯ ತಾಮ್ರ ನೀರಿಗೆ ಇಳಿಯುವುದು, ಏಡಿ ಮೊದಲು ಸಾಯುವುದು. ಮುಗಿದ ಮೇಲೆ ಮಾಮ ಫೋಟೋದ ಹತ್ತಿರ ಹೋಗಿ, "ಕೇಳಿದೇನು? ನಿಂದೇನೂ ಇದ್ದಿದ್ದಿಲ್ಲಂತ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಚಹಾ ಕುಡೀತೀರೇನು ಎಂದು ಕೇಳಿದರು.

ಅದಾದ ಮೇಲೆ ಮಾಮ ಮೂರು ವರ್ಷ ಇದ್ದರು. ನಾನು ತಪ್ಪದೆ ಹೋಗುತ್ತಿದ್ದೆ. ಪ್ರತಿ ಸಲವೂ ಟೀಚರಮ್ಮ ಎಂದೇ ಕರೆದರು, ಮಾಡಿದ ತಪ್ಪನ್ನು ಒಮ್ಮೆಯೂ ಎತ್ತಲಿಲ್ಲ. ಈಗ ನಾನೂ ನಿವೃತ್ತಳು. ಎಷ್ಟೋ ಸಾವಿರ ಮಕ್ಕಳಿಗೆ ಹೇಳಿದ ಪಾಠಗಳು ಮರೆತುಹೋಗಿವೆ. ಒಂದು ವರ್ಷ ಮೊದಲು ಹೇಳಿದ್ದರೆ ಅತ್ತಿ ಕೂತು ಕೇಳುತ್ತಿದ್ದ ಆ ಒಂದು ಪಾಠ ಮಾತ್ರ, ಫೋಟೋದ ಮುಂದೆ ನಿಂತು ಹೇಳಿದ್ದು, ಅಕ್ಷರ ಅಕ್ಷರ ನೆನಪಿದೆ.