ಪೊರೆ ಹಣ್ಣಾದವರು ಬನ್ನಿ

ಸಾಗರದಲ್ಲಿ ನಾವಿರುವ ಬೀದಿಯ ಸೂಚನಾ ಫಲಕಕ್ಕೆ ಹತ್ತಿದ್ದ ಹಳೆಯ ಗೋಂದನ್ನು ಮೊನ್ನೆ ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜುತ್ತಿದ್ದೆ. ಬೀದಿಯವರು ಸೇರಿ ನಡೆಸುವ ಕಣ್ಣಿನ ತಪಾಸಣೆಯ ಪೋಸ್ಟರ್ ಅಂಟಿಸುವುದಿತ್ತು. ಪೋಸ್ಟರ್ ನನ್ನದೇ ಕೈಕೆಲಸ. ಮೊಮ್ಮಗಳು ಶಾಲೆಗೆಂದು ಸ್ಲೈಡ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಒಂದೇ ಸ್ಲೈಡನ್ನು ಗೋಡೆಯ ಹಾಳೆಯಷ್ಟು ದೊಡ್ಡದು ಮಾಡಿ, ಅಕ್ಷರಗಳನ್ನು ಎಳೆದು ಹಿಗ್ಗಿಸಿದ್ದೆ. ಅಲ್ಲಿ ಯಾವ ಅಕ್ಷರಕ್ಕೂ ಬರವಿಲ್ಲ. ಎಳೆದಷ್ಟೂ ಹಿಗ್ಗುತ್ತವೆ, ಕೇಳಿದಷ್ಟು ಸಲ ಸಿಗುತ್ತವೆ. ಆದರೆ ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ತೀರ್ಥಹಳ್ಳಿಯ ಆ ಸಣ್ಣ ಪ್ರೆಸ್ಸು, ಮಸಿ ಹತ್ತಿದ ಮರದ ಅಕ್ಷರಗಳನ್ನು ತೊಳೆಯುತ್ತ ಕೂತ, ಅಚ್ಚಿನ ಮೊಳೆ ಜೋಡಿಸುವ ಅಣ್ಣ, ಎಲ್ಲ ಕಣ್ಣೆದುರು ಬಂದು…

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ರಿಪ್ಪನ್‌ಪೇಟೆಯ ಸುತ್ತಿನ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿ. ವರ್ಷಕ್ಕೊಮ್ಮೆ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ನಡೆಯುತ್ತಿತ್ತು. ಕೈಬರಹ ದುಂಡಗಿದೆ ಎಂಬ ಒಂದೇ ತಪ್ಪಿಗೆ ಪೋಸ್ಟರ್ ಮಾಡಿಸುವ ಕೆಲಸ ನನ್ನ ತಲೆಗೆ ಬಿತ್ತು. ದೊಡ್ಡ ಮರದ ಅಕ್ಷರಗಳು ಇದ್ದದ್ದು ತೀರ್ಥಹಳ್ಳಿಯ ಪ್ರೆಸ್ಸಿನಲ್ಲಿ. ಬಸ್ಸು ಹತ್ತಿ ಅಲ್ಲಿಗೆ ಹೋದೆ.

ಮೊಳೆ ಜೋಡಿಸುವ ಅಣ್ಣ ಐವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಮೂವತ್ತು ವರ್ಷದಿಂದ ಅದೇ ಮೂಲೆಯಲ್ಲಿ ನಿಂತು ಅಕ್ಷರ ಜೋಡಿಸಿದವರು. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು ಎಂದು ನಾನು ತುಂಬಿಸಿದ್ದ ಹಾಳೆಯನ್ನು ನನ್ನಿಂದಲೇ ಓದಿಸಿ ಕೇಳಿದರು.

“ಎಂತ ಸಿಸ್ಟ್ರೇ, ಮದುವೆ ಕಾಗ್ದ ಮಾಡ್ಸಕ್ಕೆ ಬಂದ್ರಾ? ಇದನ್ನ ಓದೋರು ಯಾರು?”

“ಕಣ್ಣಿಗೆ ಪೊರೆ ಬಂದೋರು.”

“ಮತ್ತೆ? ಅವ್ರಿಗೆ ಅಧ್ಯಕ್ಷರು ಕಾಣ್ದಿದ್ರೂ ನಡೀತದೆ. ಊರು, ತಾರೀಕು ಕಾಣ್ಬೇಕು.”

ಗಣ್ಯರೆಲ್ಲ ಇರುವೆಸಾಲಿನಂತೆ ಹಾಳೆಯ ಅಡಿಗೆ ಇಳಿದರು. ಊರು, ತಾರೀಕು ಅಂಗೈಯಗಲವಾದವು. ಎಲ್ಲಕ್ಕಿಂತ ಮೇಲೆ, ಪ್ರೆಸ್ಸಿನಲ್ಲಿದ್ದ ಅತಿ ದೊಡ್ಡ ಅಕ್ಷರಗಳಲ್ಲಿ, ನಾನು ಬರೆದ ಸಾಲು ನಿಂತಿತು: ಪೊರೆ ಹಣ್ಣಾದವರು ಬನ್ನಿ. ಆಗೆಲ್ಲ ಹಾಗೆಯೇ ನಂಬಿಕೆ. ಕಣ್ಣಿನ ಪೊರೆ ಪೂರ್ತಿ ಬಲಿತು ಬೆಳ್ಳಗಾಗಬೇಕು, ಆಮೇಲೆಯೇ ಕತ್ತರಿ. ಅರೆಬರೆ ಕಾಣುವವರಿಗೆ “ಇನ್ನೂ ಹಣ್ಣಾಗ್ಲಿ, ಬರೋ ವರ್ಷ ಬನ್ನಿ” ಎಂದು ಮನೆಮನೆಯಲ್ಲಿ ಹೇಳಿಕೊಂಡು ತಿರುಗಿದವಳು ನಾನೇ.

ಅವರದೊಂದು ಕಟ್ಟಳೆ ಇತ್ತು. ಮಸಿ ಆರದ ಮೊದಲ ಪ್ರತಿಯನ್ನು ರಸ್ತೆಯಾಚೆಯ ಗೋಡೆಗೆ ಅಂಟಿಸಬೇಕು. ಗಿರಾಕಿ ಪ್ರೆಸ್ಸಿನ ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಓದಬೇಕು. ಅವರು ಪಕ್ಕದಲ್ಲಿ ನೆಲ ನೋಡುತ್ತ ಕೇಳಿಸಿಕೊಳ್ಳುತ್ತಿದ್ದರು. ನಾನು ಎಲ್ಲಿ ತಡವರಿಸಿದೆನೋ ಆ ಸಾಲನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಕೆಲಸವೆಂದರೆ ಹೀಗಿರಬೇಕು ಎಂದು ಕಂಡವರಿಗೆಲ್ಲ ಹೊಗಳಿ ಹೇಳುತ್ತಿದ್ದೆ.

ಮೂರನೆಯ ವರ್ಷ, ಹಾಗೆ ಓದಿ ಮುಗಿಸಿ ಅವರತ್ತ ತಿರುಗಿದೆ. ಬೆಳಗಿನ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಎಡಗಣ್ಣಿನ ಪಾಪೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು, ಬಲಗಣ್ಣೂ ಅದೇ ದಾರಿ ಹಿಡಿದಿತ್ತು. ದೀಪದ ಕೆಳಗೇ ಕತ್ತಲು. ನೂರಾರು ಜನರ ರೆಪ್ಪೆ ಎತ್ತಿ ನೋಡಿದವಳು ಇವರ ಮುಖವನ್ನೇ ನೋಡಿರಲಿಲ್ಲ. ಅಕ್ಷರ ಯಾವ ಗೂಡಿನಲ್ಲಿದೆ ಎಂಬುದು ಅವರ ಬೆರಳಿಗೆ ಗೊತ್ತಿತ್ತು. ಅಚ್ಚಾದದ್ದು ಸರಿಯಿದೆಯೇ ಎಂದು ನೋಡಲು ಮಾತ್ರ ಅವರಿಗೆ ನನ್ನ ಕಣ್ಣು ಬೇಕಿತ್ತು.

“ಅಣ್ಣ, ಈ ಸಲದ ಶಿಬಿರಕ್ಕೆ ನೀವೂ ಬನ್ನಿ” ಎಂದೆ.

ಅವರು ಒಳಗೆ ಮಾಲೀಕರು ಕೂತ ಕಡೆ ಕಿವಿಗೊಟ್ಟು ದನಿ ತಗ್ಗಿಸಿದರು. “ಪಟ್ಟಿ ಕಟ್ಟಿ ತಿಂಗಳೊಪ್ಪತ್ತು ಮಲಗಿದ್ರೆ ಈ ಜಾಗದಲ್ಲಿ ಬೇರೆಯವ್ರು ನಿಂತಿರ್ತಾರೆ. ಕಣ್ಣಿಲ್ದ ಕಂಪೋಸಿಟರ್ ಯಾರಿಗೆ ಬೇಕು? ಬಲಗಣ್ಣು ಇನ್ನೂ ಹಣ್ಣಾಗಿಲ್ಲ. ನೀವೇ ಬರ್ಸಿದೀರಲ್ಲ, ಹಣ್ಣಾದವ್ರು ಬನ್ನಿ ಅಂತ. ಬರೋ ವರ್ಷ ನೋಡಣ.”

ಬಲಗಣ್ಣು ಕಾಯಲಿ, ಎಡಗಣ್ಣು ಹಣ್ಣಾಗಿ ಯಾವ ಕಾಲವಾಯಿತು ಎನ್ನಬಹುದಿತ್ತು. ಮಾಲೀಕರೇನೂ ಕೆಟ್ಟವರಲ್ಲ, ಅವರ ಹತ್ತಿರ ಮಾತಾಡಬಹುದಿತ್ತು. ನಾನು ಎರಡನ್ನೂ ಮಾಡಲಿಲ್ಲ. ಗುಟ್ಟು ಕಾಪಾಡಿದೆ ಎಂದು ಆಗ ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಇನ್ನೂರು ಪೋಸ್ಟರು ಆ ವಾರವೇ ಆಗಬೇಕಿತ್ತು, ಅದನ್ನು ಅವರಷ್ಟು ಚೆನ್ನಾಗಿ ಮಾಡುವವರು ಬೇರೆ ಇರಲಿಲ್ಲ.

ಮರುವರ್ಷ ಅವರು ಮಾತಿಗೆ ತಪ್ಪಲಿಲ್ಲ. ಮಗಳ ಹೆಗಲ ಮೇಲೆ ಕೈಯಿಟ್ಟು ಶಿಬಿರದ ಸಾಲಿನಲ್ಲಿ ನಿಂತಿದ್ದರು. ಒಗೆದ ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ಮಸಿ. ಡಾಕ್ಟರು ಬಹಳ ಹೊತ್ತು ನೋಡಿದರು. ಅವರನ್ನು ಕಳಿಸಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

“ಪೊರೆ ಬಲಿತು ಕಣ್ಣೊಳಗೆ ಒತ್ತಡ ಏರಿದೆ ಸಿಸ್ಟರ್. ಎರಡೂ ಕಡೆ ನರ ಸತ್ತಿದೆ, ಈಗ ಪೊರೆ ತೆಗೆದರೂ ಕಾಣೋದಿಲ್ಲ. ಹೋದ ವರ್ಷ ಬಂದಿದ್ರೆ ಉಳೀತಿತ್ತು.”

ನಾನು ಹೂಂ ಎಂದೆ. ಸಾಲಿನಲ್ಲಿದ್ದ ಮುಂದಿನವರ ಹೆಸರು ಕೂಗಿದೆ.

ಅವರು ಪ್ರೆಸ್ಸು ಬಿಟ್ಟು ಹೊಸನಗರದ ಮಗಳ ಮನೆ ಸೇರಿದರು. ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಲ್ಲಿಗೆ ಹೋದೆ. ತಪ್ಪಾಯಿತು ಎಂದು ಹೇಳಲೆಂದೇ ಹೋದದ್ದು. ಜಗಲಿಯಲ್ಲಿ ಕೂತು ಹುರುಳಿಕಾಳಿನ ಕಲ್ಲು ಆರಿಸುತ್ತಿದ್ದರು, ಬೆರಳು ಮೊದಲಿನಷ್ಟೇ ಚುರುಕು. ಮಗಳು ಕಾಫಿ ತರಲು ಒಳಗೆ ಹೋದಾಗ ಅವರೇ ಮಾತು ತೆಗೆದರು.

“ಆವತ್ತು ಡಾಕ್ಟ್ರು ನಿಮ್ಹತ್ರ ಎಂತಾದ್ರೂ ಹೇಳಿದ್ರಾ?”

“ಯಾವ್ದು ಅಣ್ಣ?”

“ಹೋದ ವರ್ಷ ಬಂದಿದ್ರೆ ಕಣ್ಣು ಉಳೀತಿತ್ತು ಅಂತ.”

“ಇಲ್ಲ” ಎಂದೆ.

ಅವರ ಮುಖ ಹಗುರಾಯಿತು. “ಸದ್ಯ. ನಂಗೆ ಹೇಳಿದ್ರು. ನಿಮ್ಗೂ ಗೊತ್ತಾಗಿದ್ರೆ ಸುಮ್ನೆ ಮನ್ಸಿಗೆ ಹಚ್ಕೊಳ್ತಿದ್ರಿ. ನನ್ನ ಕಣ್ಣು, ನಾನೇ ಕಾದಿದ್ದು. ನಿಮ್ದೆಂತ ಇದೆ ಅದ್ರಲ್ಲಿ?”

ಕಾಫಿ ಕುಡಿದು ಬಸ್ಸು ಹತ್ತಿದೆ. ಇನ್ನೊಮ್ಮೆ ಹೋಗುವ ಧೈರ್ಯ ಬರಲಿಲ್ಲ. ಅವರು ತೀರಿಹೋದ ಸುದ್ದಿಯೂ ನನಗೆ ತಲುಪಿದ್ದು ವರ್ಷ ಕಳೆದ ಮೇಲೆ.

ಮೊನ್ನೆಯ ಪೋಸ್ಟರ್ ಈಗ ಫಲಕದ ಮೇಲಿದೆ. ಹಾದುಹೋಗುವವರು ನಿಂತು ಓದುತ್ತಾರೆ, ಕೆಲವರು ಹೆಸರು ಬರೆಸಿದ್ದಾರೆ. ಚೆನ್ನಾಗಿ ಮಾಡಿದ್ದೀರಿ ಎಂದು ಎದುರುಮನೆಯವರು ಹೇಳಿದಾಗ ಫಲಕದ ಮೂಲೆಯಲ್ಲಿ ಉಳಿದ ಗೋಂದನ್ನು ಉಗುರಿನಿಂದ ಕೆರೆದೆ. ಆ ಮನುಷ್ಯ ನನ್ನ ಸುಳ್ಳನ್ನು ನಿಜವಾಗಿ ನಂಬಿದರೋ, ನಂಬಿದಂತೆ ಮಾಡಿ ನನ್ನನ್ನು ಕಳಿಸಿಕೊಟ್ಟರೋ, ನಲವತ್ತು ವರ್ಷವಾದರೂ ಗೊತ್ತಾಗಿಲ್ಲ… ಹೇಳಿದ್ದರು, ಅಣ್ಣ. ಡಾಕ್ಟರು ನನಗೂ ಹೇಳಿದ್ದರು.